ಊರ ಬೀದಿಯ ಲಾಂದ್ರದ ಕಂಬದಲ್ಲಿ ಮತ್ತೆ ದೀಪ ಉರಿಸುವುದು ಹೇಗೆ?

ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳಲ್ಲಿ ಅದಾದ ಮೇಲೂ ಎಷ್ಟೋ ಕಾಲ ಸೀಮೆಎಣ್ಣೆ ಲಾಂದ್ರವೇ ಬೀದಿಯ ಬೆಳಕು. ಅಂಥದ್ದೊಂದು ಕಂಬ, ತಲೆಯ ಮೇಲಿನ ಗಾಜಿನ ಪೆಟ್ಟಿಗೆ ಸಮೇತ, ನಿಮ್ಮೂರಿನ ಚಾವಡಿ ಮುಂದೆ ಉಳಿದಿದ್ದರೆ ಅದೃಷ್ಟ. ಬಣ್ಣ ಬಳಿದು ನಿಲ್ಲಿಸಿಬಿಡಬೇಡಿ, ಉರಿಯುವಂತೆ ಮಾಡಿ.

ಮೊದಲು ಪಂಚಾಯಿತಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಲೈನ್‌ಮನ್ ಬಂದು ಕರೆಂಟ್ ನಿಲ್ಲಿಸುವ ತನಕ ಏಣಿ ಇಡುವುದೇ ಬೇಡ. ಪೆಟ್ಟಿಗೆ ಇಳಿಸುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಪ್ರತಿ ಗಾಜಿನ ಜಾಗಕ್ಕೂ ಒಂದೊಂದು ಅಂಕಿ ಬರೆಯಿರಿ.

ಇಳಿಸಿದ ಪೆಟ್ಟಿಗೆಯ ತಳವನ್ನು ಬೆಳಕಿಗೆ ಹಿಡಿದು ನೋಡಿ. ತಗಡಿನಲ್ಲಿ ಸಾಲಾಗಿ ತೂತುಗಳಿರುತ್ತವೆ. ಬಹುಪಾಲು ತೂತುಗಳಲ್ಲಿ ಕಡಜದ ಮಣ್ಣಿನ ಗೂಡು, ಹಳೆಯ ಮಸಿ, ಒಣಗಿದ ಹುಳಗಳು ತುಂಬಿರುತ್ತವೆ. ಟೋಪಿಯ ಕೆಳಗಿನ ಸಂದುಗಳ ಗತಿಯೂ ಅದೇ. ಕೆಳಗಿನಿಂದ ತಣ್ಣನೆ ಗಾಳಿ ಒಳಬಂದು, ಬಿಸಿಗಾಳಿ ಮೇಲಿನಿಂದ ಹೊರಹೋಗಬೇಕು. ಲಾಂದ್ರದ ಜೀವ ಇರುವುದೇ ಇಲ್ಲಿ. ಬಿದಿರ ಕಡ್ಡಿಯಿಂದ ಬಿಡಿಸಿ. ಮೊಳೆ ಹಾಕಿ ತಿರುವಿದರೆ ತೂತು ಹಿಗ್ಗಿ, ಗಾಳಿ ನುಗ್ಗಿ ಜ್ವಾಲೆ ಕುಣಿಯುತ್ತದೆ. ಮಳೆನೀರು ಬರುತ್ತದೆಂದು ಸಿಲಿಕೋನ್ ತುಂಬಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ದೀಪ ಕೆಂಪಗಾಗಿ, ಹೊಗೆಯುಗುಳಿ ಆರಿಹೋಗುತ್ತದೆ. ಮಳೆ ತಡೆಯುವುದು ಟೋಪಿಯ ಅಂಚಿನ ಕೆಲಸ. ಅಂಚು ಬಾಗಿದ್ದರೆ ಅದನ್ನು ನೇರ ಮಾಡಿಸಿ.

ತುಕ್ಕು ತೆಗೆಯಲು ತಂತಿ ಬ್ರಷ್ ಸಾಕು, ತೆಳು ತಗಡಿಗೆ ಗ್ರೈಂಡರ್ ತಾಗಿಸಬಾರದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ನೀರು ಹಾಕಿಯೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಆಮೇಲೆ ಒಂದು ಕೈ ತುಕ್ಕು ತಡೆಯುವ ರೆಡ್ ಆಕ್ಸೈಡ್, ಎರಡು ಕೈ ಎನಾಮೆಲ್. ಟೋಪಿಗೆ ಮಾತ್ರ ಬಿಸಿ ತಡೆಯುವ ಅಲ್ಯೂಮಿನಿಯಂ ಬಣ್ಣ ಬೇಕು, ಮಾಮೂಲಿ ಬಣ್ಣ ಗುಳ್ಳೆಯೇಳುತ್ತದೆ.

ಕೈಯಲ್ಲಿ ಮಾಡಿದ ಪೆಟ್ಟಿಗೆಯ ನಾಲ್ಕು ಬದಿಗಳು ಒಂದೇ ಅಳತೆ ಇರುವುದು ಅಪರೂಪ. ಪ್ರತಿ ಬದಿಗೂ ರಟ್ಟಿನ ಅಚ್ಚು ಕತ್ತರಿಸಿಟ್ಟುಕೊಂಡು, 3 ಮಿ.ಮೀ. ದಪ್ಪದ ಗಾಜನ್ನು ಅಚ್ಚಿಗಿಂತ ಉದ್ದ-ಅಗಲ ಎರಡರಲ್ಲೂ 3 ಮಿ.ಮೀ. ಕಡಿಮೆ ಕೊಯ್ಯಿಸಿ. ಬಿಗಿಯಾಗಿ ಕೂರಿಸಿದ ಗಾಜು ಕಾವಿಗೆ ಹಿಗ್ಗಲು ಜಾಗವಿಲ್ಲದೆ ಮೂಲೆಯಿಂದ ಸೀಳುತ್ತದೆ. ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ನಾದಿದರೆ ಗಾಜು ಕೂರಿಸುವ ಪುಟ್ಟಿ ಸಿದ್ಧ. ಕೈ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಬಯಲಲ್ಲಿ ಹರಡಿ ಒಣಗಿಸಿ.

ಎಣ್ಣೆ ಬುಡ್ಡಿ ಸೋರುತ್ತದೋ ಎಂದು ತಿಳಿಯಲು ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಹಳೆಯ ದಿನಪತ್ರಿಕೆಯ ಮೇಲಿಡಿ. ಬೆಳಿಗ್ಗೆ ಕಲೆ ಕಂಡರೆ ಬೆಸುಗೆ ಹಾಕಿಸಬೇಕು. ಬೆಸುಗೆಗೆ ಮುನ್ನ ಬಿಸಿ ಸೋಪಿನ ನೀರಲ್ಲಿ ಮೂರು ಸಲ ತೊಳೆದು, ಸೋರುವ ಜಾಗದ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿರಲಿ. ಒಳಗೆ ಉಳಿದ ಆವಿ ಸಿಡಿಯಬಲ್ಲದು.

ಬತ್ತಿ ಶುದ್ಧ ಹತ್ತಿಯದೇ ಆಗಿರಬೇಕು. ತುದಿಯನ್ನು ನೇರ ಕತ್ತರಿಸಿ, ಎರಡೂ ಮೂಲೆ ಚೂರು ಸವರಿ. ಇಲ್ಲದಿದ್ದರೆ ಜ್ವಾಲೆಗೆ ಕೊಂಬು ಮೂಡಿ ಗಾಜು ಕರಿಯಾಗುತ್ತದೆ. ಬುಡ್ಡಿಗೆ ಮುಕ್ಕಾಲು ಭಾಗ ಎಣ್ಣೆ ಹಾಕಿ ಅರ್ಧ ಗಂಟೆ ಬತ್ತಿ ನೆನೆಯಲು ಬಿಡಿ. ಒಣ ಬತ್ತಿ ಹಚ್ಚಿದರೆ ಬತ್ತಿಯೇ ಸುಡುತ್ತದೆ. ಬಣ್ಣ ಬೆರೆತ ಪಡಿತರದ ಎಣ್ಣೆಯಲ್ಲಿ ಬತ್ತಿ ಬೇಗ ಕಟ್ಟಿಕೊಳ್ಳುತ್ತದೆ, ಬಿಳಿ ಎಣ್ಣೆ ಸಿಕ್ಕರೆ ಒಳ್ಳೆಯದು. ಪೆಟ್ರೋಲ್ ಒಂದು ಹನಿಯೂ ಬೆರೆಯಕೂಡದು. ಮುಕ್ಕಾಲು ಇಂಚಿಗೆ ಸ್ವಲ್ಪ ಹೆಚ್ಚು ಅಗಲದ ಬತ್ತಿ ಗಂಟೆಗೆ ಸುಮಾರು 30 ಮಿ.ಲೀ. ಕುಡಿಯುತ್ತದೆ, ಸಂಜೆ ಆರೂವರೆಯಿಂದ ಹತ್ತೂವರೆವರೆಗೆ 120 ಮಿ.ಲೀ. ಬೇಕು.

ಹಚ್ಚಿದ ಕೂಡಲೇ ಬತ್ತಿ ಎತ್ತಬೇಡಿ. ಮೊದಲ ಹತ್ತು ನಿಮಿಷ ಸಣ್ಣಗೆ ಉರಿದು ಗಾಜು ಕಾಯಲಿ, ಆಮೇಲೆ ಹೊಗೆ ಕಾಣುವ ಮಟ್ಟಕ್ಕೆ ಏರಿಸಿ, ಅಲ್ಲಿಂದ ಕೂದಲೆಳೆಯಷ್ಟು ಇಳಿಸಿ ಬಿಡಿ.