ಅಮೆರಿಕಕ್ಕೆ ಹೊರಟಿದ್ದೀರಾ? ಯುಡಿಐಡಿ ಕಾರ್ಡನ್ನು ಅಲ್ಲಿ ಯಾರೂ ಕೇಳುವುದಿಲ್ಲ

ಹೋದ ತಿಂಗಳು ನಮ್ಮ ಬೀದಿಯ ಹುಡುಗಿಯೊಬ್ಬಳು ಒಂದು ಪ್ಲಾಸ್ಟಿಕ್ ಫೋಲ್ಡರ್ ಹಿಡಿದುಕೊಂಡು ಮನೆಗೆ ಬಂದಳು. ಬಸವನಗುಡಿಯಲ್ಲೇ ಹುಟ್ಟಿ ಬೆಳೆದವಳು, ಎರಡೂ ಕಿವಿಗೆ ಮೆಷಿನ್ ಹಾಕಿಕೊಳ್ಳುತ್ತಾಳೆ. ಕಂಪನಿಯವರು ಎಚ್-1ಬಿ ವೀಸಾ ಮೇಲೆ ಡಲ್ಲಾಸ್‌ಗೆ ಕಳಿಸುತ್ತಿದ್ದಾರೆ. ಫೋಲ್ಡರಿನಲ್ಲಿ ಯುಡಿಐಡಿ ಕಾರ್ಡು, ಅಂದರೆ ನಮ್ಮ ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ, ಅದರ ಹತ್ತು ಜೆರಾಕ್ಸು, ಒಂದೊಂದರ ಮೇಲೂ ನೋಟರಿ ಸೀಲು. "ಅಂಕಲ್, ಇದನ್ನ ಅಲ್ಲಿ ಯಾವ ಆಫೀಸಿಗೆ ಕೊಡ್ಬೇಕು?" ಅಂದಳು. ಯಾವ ಆಫೀಸಿಗೂ ಇಲ್ಲ ಅಂದೆ. ಪಾಪ, ನೋಟರಿಗೆ ಎಷ್ಟು ಕೊಟ್ಟಿದ್ದಳೋ.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನನಗೆ ಚಿಕ್ಕಂದಿನಲ್ಲಿ ಎಡಗಾಲಿಗೆ ಪೋಲಿಯೊ ಆಗಿತ್ತು. ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಕಟ್ಟಿಕೊಂಡೇ ನ್ಯೂಜೆರ್ಸಿಯಲ್ಲಿ ಹನ್ನೊಂದು ವರ್ಷ ದುಡಿದು ಬೆಂಗಳೂರಿಗೆ ವಾಪಸ್ ಬಂದವನು. ನಾನು ಲಾಯರ್ ಅಲ್ಲ. ಗೊತ್ತಿಲ್ಲದೆ ಏಟು ತಿಂದು ಕಲಿತವನು, ಅಷ್ಟೇ.

ಮೊದಲು ತಲೆಯಿಂದ ತೆಗೆದುಹಾಕಬೇಕಾದ್ದು ಅಂಗವೈಕಲ್ಯದ ಪರ್ಸೆಂಟೇಜು. ನಮ್ಮಲ್ಲಿ ಬಹುತೇಕ ಎಲ್ಲವೂ ಅದರ ಮೇಲೆ ನಿಂತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಡಾಕ್ಟರು ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಬರೆದುಕೊಟ್ಟರೆ ಸರ್ಕಾರಿ ನೌಕರಿಯ ಶೇ 4 ಮೀಸಲಾತಿಯ ಬಾಗಿಲು ತೆರೆಯುತ್ತದೆ. 38 ಅಂತ ಬರೆದರೆ ಮುಚ್ಚುತ್ತದೆ. ಅಮೆರಿಕದ ಕಾನೂನಿನಲ್ಲಿ ಈ ಲೆಕ್ಕವೇ ಇಲ್ಲ. ಖಾಸಗಿ ಕಂಪನಿಯಲ್ಲಿ ಮೀಸಲಾತಿಯೂ ಇಲ್ಲ. ಅಲ್ಲಿ ಕೇಳುವುದು ಎರಡೇ ಪ್ರಶ್ನೆ: ನಿಮಗೆ ಏನು ಕಷ್ಟ, ಕೆಲಸ ಮಾಡಲು ಏನು ಬೇಕು? ಆದರೆ ನೀವಾಗಿ ಬಾಯಿ ಬಿಡುವ ತನಕ ಆ ಎರಡು ಪ್ರಶ್ನೆಯನ್ನೂ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ನಮ್ಮವರು ಎಡವುವುದು ಅಲ್ಲೇ.

ಕಾನೂನಿನ ಹೆಸರು ಅಮೆರಿಕನ್ಸ್ ವಿತ್ ಡಿಸಬಿಲಿಟೀಸ್ ಆಕ್ಟ್. ಎಲ್ಲರ ಬಾಯಲ್ಲೂ ಅದು ಎಡಿಎ. 1990ರ ಜುಲೈ 26ರಂದು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಸಹಿ ಹಾಕಿದರು. ಹೆಸರಿನಲ್ಲಿ 'ಅಮೆರಿಕನ್ಸ್' ಅಂತ ಇದ್ದರೂ ಪೌರತ್ವಕ್ಕೂ ಇದಕ್ಕೂ ಸಂಬಂಧವಿಲ್ಲ. ಎಚ್-1ಬಿ, ಎಲ್-1, ಗ್ರೀನ್ ಕಾರ್ಡ್, ಯಾವುದಿದ್ದರೂ ಆ ನೆಲದಲ್ಲಿ ಕೆಲಸ ಮಾಡುವವರಿಗೆ ಅನ್ವಯಿಸುತ್ತದೆ.

ಯಾರು ಇದರೊಳಗೆ ಬರುತ್ತಾರೆ ಅನ್ನುವುದು ನಾವು ಅಂದುಕೊಂಡದ್ದಕ್ಕಿಂತ ವಿಶಾಲ. ನಡೆಯುವುದು, ನೋಡುವುದು, ಕೇಳುವುದು, ಗಮನ ಇಡುವುದು, ದೇಹದ ಒಳಗಿನ ಅಂಗಗಳು ಸರಿಯಾಗಿ ನಡೆಯುವುದು, ಇವುಗಳಲ್ಲಿ ಯಾವುದಕ್ಕಾದರೂ ಗಣನೀಯ ಅಡ್ಡಿ ಇದ್ದರೆ ಸಾಕು. 2008ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಮಾತ್ರೆ, ಇನ್ಸುಲಿನ್, ಕಿವಿಯ ಮೆಷಿನ್ ಇವೆಲ್ಲ ಇಲ್ಲದಿದ್ದರೆ ಹೇಗಿರುತ್ತೀರಿ ಅಂತ ನೋಡಬೇಕು ಎಂದಾಯಿತು. ಮಾಮೂಲಿ ಕನ್ನಡಕಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಹಾಗಾಗಿ ಸಕ್ಕರೆ ಕಾಯಿಲೆ, ಮೂರ್ಛೆ ರೋಗ, ಖಿನ್ನತೆ, ಈಗ ಹತೋಟಿಯಲ್ಲಿರುವ ಕ್ಯಾನ್ಸರ್ ಕೂಡ ಇದರಡಿ ಬರಬಹುದು. ಸಕ್ಕರೆ ಇರುವವರಿಗೆ ಇದನ್ನು ಹೇಳಿದರೆ "ಛೇ, ನಾನೇನು ಅಂಗವಿಕಲನಾ?" ಅಂತ ಮುನಿಸಿಕೊಳ್ಳುತ್ತಾರೆ. ಹೆಸರು ಏನಾದರೂ ಇರಲಿ ಸ್ವಾಮಿ, ಮೀಟಿಂಗ್ ನಡುವೆ ಎದ್ದು ಹೋಗಿ ಎರಡು ಬಿಸ್ಕತ್ತು ತಿನ್ನುವ ಹಕ್ಕು ಬೇಕೋ ಬೇಡವೋ?

ಈಗ ಕೆಲಸದ ವಿಷಯ. ಎಡಿಎ ಅನ್ವಯಿಸುವುದು 15 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ. ನಮ್ಮ ಎಷ್ಟೋ ಹುಡುಗರು ಸಣ್ಣ ಕನ್ಸಲ್ಟೆನ್ಸಿಗಳ ಮೂಲಕ ಹೋಗುತ್ತಾರೆ, ಅವರು ಇದನ್ನು ವಿಚಾರಿಸಿಕೊಳ್ಳಬೇಕು. ರಾಜ್ಯದ ಕಾನೂನು ಇನ್ನೂ ಗಟ್ಟಿ ಇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಐದು ಜನರಿದ್ದರೆ ಸಾಕು, ನ್ಯೂಜೆರ್ಸಿಯಲ್ಲಿ ಸಂಖ್ಯೆಯ ಮಿತಿಯೇ ಇಲ್ಲ. ಸಂಬಳ ಕೊಡುವವರು ಒಬ್ಬರು, ಕೂತು ಕೆಲಸ ಮಾಡುವುದು ಕ್ಲೈಂಟ್ ಆಫೀಸಿನಲ್ಲಿ ಅಂತಿದ್ದರೆ ಇಬ್ಬರಿಗೂ ಜವಾಬ್ದಾರಿ ಬರಬಹುದು. "ಅವರನ್ನ ಕೇಳಿ" ಅಂತ ಇಬ್ಬರೂ ಕೈ ತೊಳೆದುಕೊಂಡರೆ ನಂಬಬೇಡಿ.

ಇಂಟರ್‌ವ್ಯೂನಲ್ಲಿ "ನಿಮಗೇನಾಗಿದೆ?", "ಯಾವ ಮಾತ್ರೆ ತಗೋತೀರಿ?" ಅಂತ ಕೇಳುವಂತಿಲ್ಲ. ಈ ಕೆಲಸ ನಿಮ್ಮಿಂದ ಆಗುತ್ತದಾ ಅಂತ ಕೇಳಬಹುದು. ಆಫರ್ ಕೊಟ್ಟ ಮೇಲೆ ವೈದ್ಯಕೀಯ ಪರೀಕ್ಷೆ ಮಾಡಿಸಬಹುದು, ಆದರೆ ಅದೇ ಕೆಲಸಕ್ಕೆ ಸೇರುವ ಎಲ್ಲರಿಗೂ ಮಾಡಿಸಬೇಕು. ಬೆಂಗಳೂರಿನ ಇಂಟರ್‌ವ್ಯೂಗಳಲ್ಲಿ ನನ್ನ ಕಾಲು ನೋಡಿ "ಬಸ್ಸಲ್ಲಿ ಹೇಗೆ ಬರ್ತೀರಾ?" ಅಂತ ಕೇಳಿಸಿಕೊಂಡು ಬೆಳೆದ ನನಗೆ ಅಲ್ಲಿ ಯಾರೂ ಏನೂ ಕೇಳದಿದ್ದಾಗ ಒಂಥರಾ ಕಸಿವಿಸಿ ಆಗಿತ್ತು.

ಕೆಲಸಕ್ಕೆ ಸೇರಿದ ಮೇಲೆ ಬರುವ ಪದ ಅಕಾಮಡೇಷನ್. ರೂಮು ಬಾಡಿಗೆ ಅಲ್ಲ. ನೀವು ಕೆಲಸ ಮಾಡಲು ಆಗುವಂತೆ ಕಂಪನಿ ಮಾಡಿಕೊಡುವ ಬದಲಾವಣೆ. ಮೀಟಿಂಗಿಗೆ ಕ್ಯಾಪ್ಷನ್ (ಆಡಿದ ಮಾತು ಸ್ಕ್ರೀನ್ ಮೇಲೆ ಅಕ್ಷರದಲ್ಲಿ ಬರುವುದು), ಎತ್ತರ ಬದಲಿಸುವ ಮೇಜು, ಸ್ಕ್ರೀನ್ ಓದುವ ಸಾಫ್ಟ್‌ವೇರ್, ಡಯಾಲಿಸಿಸ್ ದಿನ ಸಮಯದಲ್ಲಿ ಸಡಿಲ, ಹೀಗೆ. ಕಂಪನಿಗೆ ಅದು ವಿಪರೀತ ಹೊರೆ ಅಂತ ತೋರಿಸಿದರೆ ಮಾತ್ರ ಇಲ್ಲ ಅನ್ನಬಹುದು. ಹಾಗಂತ ಕೆಲಸದ ಮುಖ್ಯ ಭಾಗವನ್ನೇ ಬಿಟ್ಟುಬಿಡಿ ಅಂತ ಕೇಳಲು ಬರುವುದಿಲ್ಲ. ನೀವು ಕೇಳಿದ್ದೇ ಸಿಗಬೇಕೆಂದೂ ಇಲ್ಲ. ಅಷ್ಟೇ ಉಪಯೋಗವಾಗುವ ಬೇರೆ ದಾರಿ ಇದ್ದರೆ ಅದನ್ನು ಅವರು ಆರಿಸಬಹುದು. ಕಿವಿಯ ಮೆಷಿನ್, ಕ್ಯಾಲಿಪರ್‌ನಂಥ ಸ್ವಂತದ್ದು ಸಾಮಾನ್ಯವಾಗಿ ನಿಮ್ಮದೇ ಖರ್ಚು.

ನನ್ನ ಕಥೆ ಹೇಳುತ್ತೇನೆ. ಮೊದಲ ಆಫೀಸು ಹಳೇ ಕಟ್ಟಡದಲ್ಲಿತ್ತು. ಅವರ ಲೆಕ್ಕದಲ್ಲಿ ಮೂರನೇ ಮಹಡಿ, ನಮ್ಮ ಲೆಕ್ಕದಲ್ಲಿ ಎರಡನೆಯದು. ಲಿಫ್ಟು ಆಗಾಗ ಕೆಡುತ್ತಿತ್ತು. ಕೆಟ್ಟ ದಿನ ನಾನು ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಕ್ಯಾಲಿಪರ್ ಎಳೆದು ಹತ್ತುತ್ತಿದ್ದೆ. ಮೇಲೆ ಹೋಗುವಷ್ಟರಲ್ಲಿ ತೊಡೆಯ ಪಟ್ಟಿ ಉಜ್ಜಿ ಚರ್ಮ ಕಿತ್ತು ಬರುತ್ತಿತ್ತು. ಎರಡು ವರ್ಷ ಹೀಗೇ. ಕೇಳಿದರೆ ವೀಸಾಕ್ಕೆ ಕುತ್ತು ಅನ್ನೋ ಹೆದರಿಕೆ. ಜೊತೆಗೆ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನುವ ಊರಿನಿಂದ ಹೋದವನು ಬೇರೆ. ಒಂದು ದಿನ ಪಕ್ಕದ ಮೇಜಿನಾಕೆ ನೋಡಿ, "ನೀನು ಎಚ್‌ಆರ್‌ಗೆ ಬರೆದಿದ್ದೀಯಾ?" ಅಂದಳು. ಮ್ಯಾನೇಜರ್‌ಗೆ ಗೊತ್ತಲ್ಲ, ದಿನಾ ನೋಡುತ್ತಾರಲ್ಲ ಅಂದೆ. ನೋಡುವುದು ಬೇರೆ, ಕೇಳುವುದು ಬೇರೆ ಅಂದಳು. ಆ ರಾತ್ರಿಯೇ ಆರು ಸಾಲಿನ ಮೇಲ್ ಬರೆದೆ. ಎಂಟು ದಿನದಲ್ಲಿ ನನ್ನ ಮೇಜು ನೆಲಮಹಡಿಗೆ ಬಂತು. ಖುಷಿಗಿಂತ ನನ್ನ ಮೇಲೇ ಸಿಟ್ಟು ಜಾಸ್ತಿ ಬಂತು.

ಕೇಳುವುದಕ್ಕೆ ಮಂತ್ರದಂಥ ಪದ ಬೇಕಿಲ್ಲ. ಬಾಯಲ್ಲಿ ಹೇಳಿದರೂ ಕಾನೂನಿನ ಲೆಕ್ಕಕ್ಕೆ ಅದು ಕೇಳಿದಂತೆಯೇ. ಆದರೂ ಮೇಲ್ ಮಾಡಿ, ತಾರೀಖು ಉಳಿಯುತ್ತದೆ. ಕಷ್ಟ ಕಣ್ಣಿಗೆ ಕಾಣುವಂಥದ್ದಲ್ಲದಿದ್ದರೆ ಡಾಕ್ಟರ ಪತ್ರ ಕೇಳಬಹುದು. ಆ ಕಾಗದಗಳನ್ನು ನಿಮ್ಮ ಮಾಮೂಲಿ ಫೈಲಿನಿಂದ ಬೇರೆಯಾಗಿ, ಗುಟ್ಟಾಗಿ ಇಡಬೇಕು. ಯಾವ ಅನುಕೂಲ ಕೇಳಬಹುದು ಅಂತಲೇ ತೋಚದಿದ್ದರೆ ಜಾಬ್ ಅಕಾಮಡೇಷನ್ ನೆಟ್‌ವರ್ಕ್ ಅಂತ ಒಂದಿದೆ, ಫೋನಿನಲ್ಲಿ ಪುಕ್ಕಟೆ ಸಲಹೆ ಕೊಡುತ್ತಾರೆ. ಕೇಳಿದ್ದಕ್ಕೆ ಸೇಡು ತೀರಿಸಿಕೊಳ್ಳುವುದು ಕಾನೂನಿಗೆ ವಿರುದ್ಧ. ಸೇಡು ತೀರಿಸಿಕೊಳ್ಳುವವರು ಇಲ್ಲ ಅಂತಲ್ಲ, ಇದ್ದಾರೆ.

ಅದಕ್ಕೇ ದೂರಿನ ಗಡುವು ಗೊತ್ತಿರಲಿ. ಕೆಲಸದ ತಾರತಮ್ಯಕ್ಕೆ ದೂರು ಕೊಡುವುದು ಇಇಒಸಿ ಎಂಬ ಕೇಂದ್ರ ಸಂಸ್ಥೆಗೆ, ಖರ್ಚಿಲ್ಲ. 180 ದಿನದೊಳಗೆ ಕೊಡಬೇಕು. ಅದೇ ವಿಷಯಕ್ಕೆ ರಾಜ್ಯದ ಕಾನೂನು ಮತ್ತು ಸಂಸ್ಥೆಯೂ ಇದ್ದರೆ 300 ದಿನ. ದಿನ ಎಣಿಸುವುದು ಘಟನೆ ನಡೆದಾಗಿನಿಂದ. ಎಚ್‌ಆರ್ ಜೊತೆ ಮಾತುಕತೆ ನಡೀತಿದೆ ಅಂತ ಸುಮ್ನೆ ಕೂತರೆ ಗಡಿಯಾರ ನಿಲ್ಲುವುದಿಲ್ಲ. ಮುಂದೆ ಅವರು ಕೋರ್ಟಿಗೆ ಹೋಗಲು ಪತ್ರ ಕೊಟ್ಟರೆ ಅಲ್ಲಿಂದ 90 ದಿನ. ಎಚ್-1ಬಿಯವರಿಗೆ ಇನ್ನೊಂದು ಗಡಿಯಾರ ಇದೆ: ಕೆಲಸ ಹೋದರೆ ಹೊಸ ದಾರಿ ಹುಡುಕಲು ಜಾಸ್ತಿ ಅಂದರೆ 60 ದಿನ. ಇಇಒಸಿಗೆ ದೂರು ಕೊಟ್ಟ ಮಾತ್ರಕ್ಕೆ ಆ 60 ಎಂಬುದು 61 ಆಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಲಾಯರ್ ಬೇಕಾಗಬಹುದು.

ರಜೆಯ ಕಾನೂನು ಬೇರೆ, 1993ರದ್ದು, ಎಫ್‌ಎಂಎಲ್‌ಎ. ನಿಮ್ಮ ಅಥವಾ ಮನೆಯವರ ಗಂಭೀರ ಕಾಯಿಲೆಗೆ ವರ್ಷಕ್ಕೆ 12 ವಾರ ರಜೆ, ಸಂಬಳ ಇಲ್ಲ, ಕೆಲಸ ಭದ್ರ. ಸುತ್ತ 75 ಮೈಲಿಯೊಳಗೆ ಕಂಪನಿಯ 50 ಜನ ಇರಬೇಕು, ನೀವು 12 ತಿಂಗಳು ಕೆಲಸ ಮಾಡಿರಬೇಕು, ಹಿಂದಿನ ಒಂದು ವರ್ಷದಲ್ಲಿ 1,250 ಗಂಟೆ ದುಡಿದಿರಬೇಕು. ಬೆಂಗಳೂರಿನಲ್ಲಿ ಅಪ್ಪ ಆಸ್ಪತ್ರೆ ಸೇರಿದರೂ ಇದು ನಡೆಯುತ್ತದೆ. ಇಲ್ಲಿನ ಡಾಕ್ಟರು ಬರೆದುಕೊಟ್ಟ ಪತ್ರವನ್ನು ಅಲ್ಲಿನ ಕಂಪನಿ ಒಪ್ಪಬೇಕು. ಆದರೆ ಅತ್ತೆ ಮಾವ ಇದರಲ್ಲಿ ಬರುವುದಿಲ್ಲ! ಅತ್ತೆಗೆ ಹುಷಾರಿಲ್ಲ ಅಂದರೆ ರಜೆ ಕೇಳಬೇಕಾದವನು ಮಗನೇ, ಸೊಸೆಯಲ್ಲ. ಈ ಒಂದು ವಿಷಯದಲ್ಲಿ ಅಮೆರಿಕದ ಕಾನೂನು ನಮ್ಮ ಸೊಸೆಯಂದಿರ ಪರ ಇದೆ ಅಂತ ನನ್ನ ಹೆಂಡತಿಯ ಅಭಿಪ್ರಾಯ.

ಆಸ್ಪತ್ರೆಗೆ ಬರೋಣ. ಇಲ್ಲಿ 15 ಜನರ ಲೆಕ್ಕವಿಲ್ಲ. ಒಬ್ಬರೇ ಡಾಕ್ಟರಿರುವ ಖಾಸಗಿ ಕ್ಲಿನಿಕ್ಕಿಗೂ ಎಡಿಎ ಅನ್ವಯ. ಸರ್ಕಾರದ ಮೆಡಿಕೇರ್, ಮೆಡಿಕೇಡ್ ಹಣ ಪಡೆಯುವ ಆಸ್ಪತ್ರೆಗಳಿಗೆ 1973ರ ರಿಹ್ಯಾಬಿಲಿಟೇಷನ್ ಕಾಯ್ದೆಯ 504ನೇ ಸೆಕ್ಷನ್ನೂ ಸೇರುತ್ತದೆ. ವೀಲ್‌ಚೇರಿನಲ್ಲಿ ಬಂದವರನ್ನು "ಪರೀಕ್ಷೆ ಮಂಚಕ್ಕೆ ಹತ್ತಿಸೋಕೆ ಮನೆಯವರನ್ನ ಕರ್ಕೊಂಡು ಬನ್ನಿ" ಅಂತ ವಾಪಸ್ ಕಳಿಸುವಂತಿಲ್ಲ. ಕಿವಿ ಕೇಳಿಸದವರಿಗೆ ಸಂಜ್ಞೆ ಭಾಷೆಯ ಇಂಟರ್‌ಪ್ರಿಟರ್ ಬೇಕಾದರೆ ಅವರೇ ಕರೆಸಬೇಕು, ಅದರ ಖರ್ಚನ್ನು ರೋಗಿಯ ಬಿಲ್ಲಿಗೆ ಸೇರಿಸುವಂತಿಲ್ಲ. ಒಂದು ಎಚ್ಚರಿಕೆ: ನಮ್ಮ ಸಂಜ್ಞೆ ಭಾಷೆ ಬೇರೆ, ಅವರದು ಬೇರೆ. ನಮ್ಮಲ್ಲಿ ಅಕ್ಷರ ತೋರಿಸಲು ಎರಡು ಕೈ ಬೇಕು, ಅವರಿಗೆ ಒಂದೇ ಸಾಕು. ಇಲ್ಲಿಂದ ಹೋದವರಿಗೆ ಅಲ್ಲಿನ ಇಂಟರ್‌ಪ್ರಿಟರ್ ಅರ್ಥವಾಗದಿರಬಹುದು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಅದನ್ನು ಹೇಳಿ.

ನಮ್ಮಮ್ಮ ಬಂದಿದ್ದಾಗ ಬಿ.ಪಿ. ಏರಿ ಆಸ್ಪತ್ರೆಗೆ ಕರೆದೊಯ್ದಿದ್ದೆ. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು, ಕಿವಿಯೂ ಮಂದ. ಎಂಟು ವರ್ಷದ ಮಗಳನ್ನು ನೋಡಿ ಕೌಂಟರಿನಾಕೆ "ಮಗು ಹೇಳುತ್ತಲ್ಲ" ಅಂದಳು. ಮಕ್ಕಳ ಕೈಲಿ ತರ್ಜುಮೆ ಮಾಡಿಸುವುದು ತುರ್ತು ಹೊತ್ತಿಗೆ ಮಾತ್ರ. ಇಂಗ್ಲಿಷ್ ಬಾರದವರಿಗೆ ಭಾಷೆಯ ನೆರವು ಕೊಡುವುದು ಸರ್ಕಾರದ ಹಣ ಪಡೆಯುವ ಆಸ್ಪತ್ರೆಯ ಕರ್ತವ್ಯ. ನಾನು "ಕನ್ನಡ ಇಂಟರ್‌ಪ್ರಿಟರ್" ಅಂತ ಬರೆದುಕೊಟ್ಟೆ, 'ಕೆನಡಾ' ಅಲ್ಲ ಅಂತ ಕೆಳಗೆ ಗೆರೆ ಎಳೆದೆ. ಇಪ್ಪತ್ತು ನಿಮಿಷದಲ್ಲಿ ಫೋನಿನಲ್ಲಿ ಒಬ್ಬರು ಸಿಕ್ಕರು. ಆದರೆ ಸ್ಪೀಕರ್ ಫೋನು ಅಮ್ಮನಿಗೆ ಕೇಳಿಸಬೇಕಲ್ಲ? ನರ್ಸ್ ದನಿ ಜೋರು ಮಾಡುವ ಒಂದು ಸಣ್ಣ ಡಬ್ಬಿ, ಹೆಡ್‌ಫೋನ್ ತಂದು ಅಮ್ಮನ ಕಿವಿಗೆ ಹಾಕಿದಳು. ಅಮ್ಮ ಬೆಚ್ಚಿ, "ಆಯಪ್ಪನಿಗೆ ಮೆತ್ತಗೆ ಮಾತಾಡೋಕೆ ಹೇಳೋ, ನಂಗೇನು ಕಿವುಡಾ?" ಅಂದರು. ಫೋನಿನಲ್ಲಿದ್ದ ಮಹಾರಾಯರು ನಗುತ್ತಲೇ ಅದನ್ನೂ ನರ್ಸಿಗೆ ಅನುವಾದಿಸಿದರು.

ದುಡ್ಡಿನ ಮಾತು ಬೇರೆ. ಈ ಹಕ್ಕುಗಳು ಬಿಲ್ ಕಟ್ಟುವುದಿಲ್ಲ. ಕಂಪನಿಯ ಇನ್ಶೂರೆನ್ಸು 2014ರಿಂದ ಹಳೇ ಕಾಯಿಲೆ ಅಂತ ಹೊರಗಿಡುವಂತಿಲ್ಲ. ಆದರೆ ಅಪ್ಪ ಅಮ್ಮನಿಗೆ ಕೊಳ್ಳುವ ವಿಸಿಟರ್ ಇನ್ಶೂರೆನ್ಸಿಗೆ ಆ ನಿಯಮವಿಲ್ಲ, ಬಿ.ಪಿ., ಸಕ್ಕರೆಯನ್ನು ಬಹಳಷ್ಟು ಪಾಲಿಸಿಗಳು ಕೈಬಿಡುತ್ತವೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡ್ಡಿಲ್ಲ ಅಂತ ನೋಡದೆ ಕಳಿಸುವಂತಿಲ್ಲ, 1986ರ ಕಾನೂನು ಅದು. ಬಿಲ್ಲು ಮಾತ್ರ ಆಮೇಲೆ ಮನೆಗೆ ಬರುತ್ತದೆ. ಆಸ್ಪತ್ರೆಯ ತಾರತಮ್ಯದ ಬಗ್ಗೆ ಕೇಂದ್ರ ಆರೋಗ್ಯ ಇಲಾಖೆಯ ಆಫೀಸ್ ಫಾರ್ ಸಿವಿಲ್ ರೈಟ್ಸ್‌ಗೆ 180 ದಿನದೊಳಗೆ ದೂರು ಕೊಡಬಹುದು.

ಇಲ್ಲಿಂದ ಏನು ಒಯ್ಯಬೇಕು? ಕಿವಿ ಪರೀಕ್ಷೆಯ ಆಡಿಯೋಗ್ರಾಮ್, ಹಳೇ ರಿಪೋರ್ಟು, ಮತ್ತು ಪರ್ಸೆಂಟೇಜಿನ ಬದಲು ಏನು ಮಾಡಲು ಕಷ್ಟ ಅಂತ ಇಂಗ್ಲಿಷಿನಲ್ಲಿ ವಿವರಿಸಿದ ಡಾಕ್ಟರ ಪತ್ರ. ಕ್ಯಾಲಿಪರ್ ಇದ್ದರೆ ಇನ್ನೊಂದು ಜೊತೆ ಶೂ ಮಾಡಿಸಿಕೊಳ್ಳಿ. ಕಾರ್ಡು ಅಂತ ಅಲ್ಲಿ ನನಗೆ ಸಿಕ್ಕಿದ್ದು ಕಾರಿನ ಕನ್ನಡಿಗೆ ನೇತುಹಾಕುವ ಪಾರ್ಕಿಂಗ್ ಫಲಕ ಒಂದೇ. ಅದನ್ನು ರಾಜ್ಯದವರೇ ಕೊಡುತ್ತಾರೆ, ಫಾರ್ಮಿಗೆ ಅಲ್ಲಿನ ಡಾಕ್ಟರ ಸಹಿ ಬೇಕು.

ಆ ಹುಡುಗಿ ಹೋದ ವಾರ ಎಚ್‌ಆರ್‌ಗೆ ಬರೆದ ಮೇಲ್ ತೋರಿಸಲು ಮತ್ತೆ ಬಂದಿದ್ದಳು. ಒಂದೂವರೆ ಪುಟ. 'ಸವಿನಯ ಪ್ರಾರ್ಥನೆ' ಮೂರು ಸಲ, 'ತೊಂದರೆಗೆ ಕ್ಷಮಿಸಿ' ಎರಡು ಸಲ, ಕ್ಯಾಪ್ಷನ್ ಬೇಕು ಅನ್ನುವುದು ಕೊನೆಯ ಸಾಲಿನಲ್ಲಿ. ಕೂತು ಹೊಡೆದುಹಾಕಿದೆವು. ಉಳಿದದ್ದು ಐದು ಸಾಲು: ಎರಡೂ ಕಿವಿ ಮಂದ, ಮೀಟಿಂಗಿಗೆಲ್ಲ ಕ್ಯಾಪ್ಷನ್ ಬೇಕು, ಮುಖ್ಯ ತೀರ್ಮಾನಗಳು ಬರಹದಲ್ಲಿ ಬೇಕು, ಮುಖ ಕಾಣುವ ಹಾಗೆ ಕೂರುವ ಜಾಗ ಬೇಕು, ಇದು ಎಡಿಎ ಪ್ರಕಾರ ಕೇಳುತ್ತಿರುವ ಅಕಾಮಡೇಷನ್. ಅವಳು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, "ಅಂಕಲ್, ಒಂದೇ ಒಂದು ಪ್ಲೀಸ್ ಇಟ್ಕೊಳ್ಲಾ?" ಅಂದಳು. ಇಟ್ಕೋಮ್ಮ ಅಂದೆ.