ನೀರಾಮೆಗೆ ಟ್ಯಾಂಕ್ ಕಟ್ಟುವಾಗ ಮೊದಲು ಒಣ ಜಾಗ, ಆಮೇಲೆ ನೀರು

ಬಿಲ್ಲೆ ನಮ್ಮ ಮನೆಗೆ ಬಂದಾಗ ಅವಳ ಚಿಪ್ಪು ಬರೀ 3 ಸೆಂ.ಮೀ. ಇತ್ತು. ದುಂಡಗೆ, ಹಸಿರಾಗಿ, ಅಂಗೈ ಮೇಲೆ ಇಟ್ಟರೆ ಬಿಲ್ಲೆಯ ಹಾಗೇ ಕಾಣುತ್ತಿದ್ದಳು. ಅದೇ ಹೆಸರಾಯಿತು. ಅವಳ ಜೊತೆ ಒಂದು ಪ್ಲಾಸ್ಟಿಕ್ ಬೋಗುಣಿ ಕೊಟ್ಟಿದ್ದರು, ಅದರ ನಡುವೆ ಒಂದು ಪ್ಲಾಸ್ಟಿಕ್ ಮರ. ‘ಇಷ್ಟೇ ಸಾಕು, ಆಮೆ ಜಾಗಕ್ಕೆ ತಕ್ಕಷ್ಟೇ ಬೆಳೆಯುತ್ತೆ’ ಅಂದರು. ನಾನು ನಂಬಿದೆ. ಎಂಟನೇ ತಿಂಗಳಲ್ಲಿ ಒಂದು ದಿನ ಅವಳನ್ನು ಎತ್ತಿಕೊಂಡಾಗ ಚಿಪ್ಪಿನ ಅಂಚು ನನ್ನ ಹೆಬ್ಬೆರಳಿನ ಕೆಳಗೆ ಬಾಗಿತು. ನೆನೆದ ರಟ್ಟು ಬಾಗುತ್ತದಲ್ಲ, ಹಾಗೆ. ಪ್ರಾಣಿಗಳ ಡಾಕ್ಟರ್ ಹತ್ತಿರ ಓಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, ‘ಇವಳು ಮೈ ಒಣಗಿಸಿಕೊಳ್ಳೋದು ಎಲ್ಲಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಬಿಲ್ಲೆಗೆ ಹನ್ನೆರಡು ವರ್ಷ. ಚಿಪ್ಪು 24 ಸೆಂ.ಮೀ., ಕಲ್ಲಿನಷ್ಟು ಗಟ್ಟಿ. ಅವಳು ಬದುಕಿದ್ದು ಆ ಪ್ರಶ್ನೆಯಿಂದ. ಅದಕ್ಕೇ ಟ್ಯಾಂಕ್ ಹೇಗೆ ಮಾಡಲಿ ಅಂತ ಯಾರೇ ಕೇಳಿದರೂ ನಾನು ನೀರಿನಿಂದ ಶುರು ಮಾಡುವುದಿಲ್ಲ, ಒಣ ಜಾಗದಿಂದ ಶುರು ಮಾಡುತ್ತೇನೆ.

ಅದಕ್ಕೂ ಮುಂಚೆ ಒಂದು ಮಾತು. ನಾನು ಹೇಳುವುದೆಲ್ಲ ರೆಡ್ ಇಯರ್ಡ್ ಸ್ಲೈಡರ್ ಮತ್ತು ಅದರ ಹತ್ತಿರದ ಜಾತಿಗಳಿಗೆ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುತ್ತದೆ ನೋಡಿ, ಅದು. ಮೆದು ಚಿಪ್ಪಿನ ಆಮೆಗೆ ತಳದಲ್ಲಿ ಮರಳು ಬೇಕು, ಅದರ ಲೆಕ್ಕವೇ ಬೇರೆ. ನೆಲದ ಆಮೆಯನ್ನಂತೂ ಇಂಥ ಟ್ಯಾಂಕಿಗೆ ಬಿಡಲೇಬಾರದು, ಮುಳುಗಿ ಸಾಯುತ್ತದೆ. ನೀವಿರುವ ಕಡೆ ಯಾವ ಜಾತಿ ಸಾಕಲು ಕಾನೂನು ಬಿಡುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಕೆರೆಯಿಂದಲೋ ಹೊಳೆಯಿಂದಲೋ ಹಿಡಿದ ಆಮೆಯನ್ನು ಮನೆಗೆ ತರಬೇಡಿ.

ಟ್ಯಾಂಕ್ ಎಷ್ಟು ದೊಡ್ಡದಿರಬೇಕು? ಆಮೆ ಸಾಕುವವರ ಹಳೇ ಲೆಕ್ಕ ಒಂದಿದೆ: ಚಿಪ್ಪಿನ ಪ್ರತಿ 2.5 ಸೆಂ.ಮೀ. ಉದ್ದಕ್ಕೆ ಸುಮಾರು 40 ಲೀಟರ್. 10 ಸೆಂ.ಮೀ. ಆಮೆಗೆ 160 ಲೀಟರ್ ಆಯಿತು, 25 ಸೆಂ.ಮೀ. ಹೆಣ್ಣಿಗೆ 400 ಲೀಟರ್. ಹೆಣ್ಣು ಸ್ಲೈಡರ್ 25-30 ಸೆಂ.ಮೀ. ತನಕ ಬೆಳೆಯುತ್ತದೆ, ಗಂಡು ಅದಕ್ಕಿಂತ ಚಿಕ್ಕದು. ಮರಿಯಲ್ಲಿ ಗಂಡೋ ಹೆಣ್ಣೋ ನೋಡಿ ಹೇಳಲಾಗುವುದಿಲ್ಲ, ಆದ್ದರಿಂದ ಹೆಣ್ಣು ಅಂದುಕೊಂಡೇ ಲೆಕ್ಕ ಹಾಕಿ. ಜಾಗ ಚಿಕ್ಕದಾದರೆ ಆಮೆ ಚಿಕ್ಕದಾಗಿ, ಆರೋಗ್ಯವಾಗಿ ಉಳಿಯುತ್ತದೆ ಅನ್ನುವುದು ಸುಳ್ಳು. ಬೆಳವಣಿಗೆ ಕುಂಟುತ್ತದೆ, ಕಾಯಿಲೆ ಹಿಡಿಯುತ್ತದೆ, ಅಷ್ಟೇ. ನಾನು ನಾಲ್ಕು ವರ್ಷದಲ್ಲಿ ಮೂರು ಟ್ಯಾಂಕ್ ಕೊಂಡೆ. ಮೊದಲೇ ದೊಡ್ಡದು ತಂದಿದ್ದರೆ ಒಂದರಲ್ಲೇ ಮುಗಿಯುತ್ತಿತ್ತು.

ಎತ್ತರಕ್ಕಿಂತ ಉದ್ದ, ಅಗಲ ಮುಖ್ಯ. ಆಮೆ ಅಡ್ಡಡ್ಡ ಈಜುವ ಪ್ರಾಣಿ. ಗಾಜೇ ಬೇಕು ಅಂತಿಲ್ಲ. ನೀರು ತುಂಬಿಡಲು ಬಳಸುವ ದೊಡ್ಡ ಗಟ್ಟಿ ಪ್ಲಾಸ್ಟಿಕ್ ತೊಟ್ಟಿ ಗಾಜಿಗಿಂತ ಹಗುರ, ಅಷ್ಟೇ ನೀರಿಗೆ ಖರ್ಚೂ ಕಡಿಮೆ. ಪಕ್ಕದಿಂದ ನೋಡುವ ಖುಷಿ ಇರಲ್ಲ, ಆದರೆ ಆಮೆಗೆ ಅದರಿಂದ ಏನೂ ನಷ್ಟ ಇಲ್ಲ. ಇಡುವ ಜಾಗವನ್ನು ಮೊದಲೇ ನೋಡಿಕೊಳ್ಳಿ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ. 400 ಲೀಟರ್ ಅಂದರೆ ನೀರೊಂದೇ 400 ಕೆ.ಜಿ., ಗಾಜು ಕಲ್ಲು ಬೇರೆ. ಓದುವ ಮೇಜು ಇದನ್ನು ತಡೆಯಲ್ಲ. ಗಟ್ಟಿ ಸ್ಟ್ಯಾಂಡ್ ಬೇಕು, ನೆಲ ಮಟ್ಟವಾಗಿರಬೇಕು. ಕಿಟಕಿಯ ನೇರ ಬಿಸಿಲು ಬೀಳುವ ಕಡೆ ಬೇಡ, ನೀರು ಕಾದುಬಿಡುತ್ತದೆ.

ಈಗ ಆ ಒಣ ಜಾಗ. ನಾನು ಇದನ್ನು ಬಿಸಿಲುಕಟ್ಟೆ ಅಂತ ಕರೆಯುತ್ತೇನೆ. ಇದು ಪೂರ್ತಿ ನೀರಿನ ಮೇಲಿರಬೇಕು. ಅರ್ಧ ಮುಳುಗಿದ ಕಲ್ಲು ಲೆಕ್ಕಕ್ಕಿಲ್ಲ, ಯಾಕೆಂದರೆ ಹೊಟ್ಟೆಯ ಭಾಗವೂ ಒಣಗಬೇಕು. ಸದಾ ಒದ್ದೆಯಾಗಿದ್ದರೆ ಚಿಪ್ಪಿನ ಮೇಲೆ ಬೂಷ್ಟು ಬರುತ್ತದೆ, ಕೊಳೆಯುವುದೂ ಉಂಟು. ಆಮೆ ನಾಲ್ಕೂ ಕಾಲು ಚಾಚಿ ಮಲಗಿ, ತಿರುಗುವಷ್ಟು ಅಗಲ ಇರಲಿ. ಹತ್ತಲು ನೀರಿನೊಳಗಿಂದ ಇಳಿಜಾರು ಬೇಕು, ಅದು ಒರಟಾಗಿರಬೇಕು. ನಯವಾದ ಪ್ಲಾಸ್ಟಿಕ್ ಮೇಲೆ ಉಗುರು ನಿಲ್ಲುವುದಿಲ್ಲ, ಜಾರಿ ಜಾರಿ ಬಿದ್ದು ಕೊನೆಗೆ ಹತ್ತುವುದನ್ನೇ ಬಿಡುತ್ತದೆ. ನನ್ನದು ಟ್ಯಾಂಕಿನ ಒಂದು ಮೂಲೆಯಲ್ಲಿ ಎರಡು ಗೋಡೆಗೆ ಆನಿಸಿದ ಹಲಗೆ, ಮೇಲೆ ಕಾರ್ಕ್ ತೊಗಟೆ. ಮಾರ್ಕೆಟ್ಟಿನ ತೇಲುವ ಕಟ್ಟೆಗಳು ಮರಿಗೆ ಸರಿ. ದೊಡ್ಡ ಆಮೆ ಹತ್ತಿದರೆ ಅದು ಆಮೆ ಸಮೇತ ಮುಳುಗುತ್ತದೆ.

ಕಟ್ಟೆ ಸರಿಯಾಗಿದೆಯಾ ಅಂತ ಆಮೆಯನ್ನೇ ನೋಡಿ ತಿಳಿಯಬಹುದು. ಬಿಲ್ಲೆ ಮೊದಲು ಮುಂಗಾಲಿನ ಉಗುರುಗಳನ್ನು ತೊಗಟೆಗೆ ಸಿಕ್ಕಿಸುತ್ತಾಳೆ. ಒಂದು ಗಳಿಗೆ ಹಾಗೇ ನಿಂತು, ಹಿಂಗಾಲಿನಿಂದ ಒದ್ದು ಮೇಲೆ ಬರುತ್ತಾಳೆ. ಸುತ್ತ ನೋಡುತ್ತಾಳೆ. ಯಾರೂ ಇಲ್ಲ ಅನ್ನಿಸಿದ ಮೇಲೆ ಕತ್ತು ಪೂರ್ತಿ ಚಾಚಿ, ಹಿಂಗಾಲೆರಡನ್ನೂ ಹಿಂದಕ್ಕೆ ನೀಡಿ, ಬೆರಳುಗಳ ನಡುವಿನ ಪೊರೆಯನ್ನು ಬೀಸಣಿಗೆಯಂತೆ ಬಿಡಿಸುತ್ತಾಳೆ. ಇಪ್ಪತ್ತು ನಿಮಿಷಕ್ಕೆ ಚಿಪ್ಪಿನ ಒದ್ದೆ ಹೊಳಪು ಹೋಗಿ ಬೂದು ಹಸಿರಾಗುತ್ತದೆ. ಕೆಲವು ದಿನ ಚಿಪ್ಪಿನ ಒಂದೊಂದು ಚೌಕದ ಅಂಚು ತೆಳು ಕಾಗದದ ಹಾಗೆ ಮೇಲೇಳುತ್ತದೆ. ಅದು ಹಳೆಯ ಪದರ, ತಾನಾಗಿ ಉದುರಬೇಕು. ಕಿತ್ತು ತೆಗೆಯಬೇಡಿ, ಕೆಳಗಿನ ಹೊಸ ಪದರ ಇನ್ನೂ ಎಳಸಾಗಿರುತ್ತದೆ.

ಕಟ್ಟೆಯ ಮೇಲೆ ಎರಡು ಬೆಳಕು ಬೇಕು. ಒಂದು ಬಿಸಿಗೆ, ಇನ್ನೊಂದು ಮೂಳೆಗೆ. ಬಹಳ ಜನ ಮೊದಲನೆಯದನ್ನು ಹಾಕಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ, ಅಲ್ವಾ? ನಾನೂ ಎರಡನೆಯದನ್ನು ಬಿಟ್ಟಿದ್ದೆ.

ಬಿಸಿಗೆ ಸಾಮಾನ್ಯ ಶಾಖದ ಬಲ್ಬ್ ಸಾಕು. ಕಟ್ಟೆಯ ಮೇಲೆ, ಆಮೆಯ ಬೆನ್ನಿರುವ ಮಟ್ಟದಲ್ಲಿ, 30ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಕೈಯಿಟ್ಟು ಅಂದಾಜು ಮಾಡಬೇಡಿ, ಅಲ್ಲಿ ಒಂದು ಥರ್ಮಾಮೀಟರ್ ಇಡಿ. ಹೆಚ್ಚಾದರೆ ಬಲ್ಬನ್ನು ಮೇಲಕ್ಕೆ ಎತ್ತಿ, ಕಡಿಮೆಯಾದರೆ ಇಳಿಸಿ.

ಎರಡನೆಯದು ಯುವಿಬಿ ಬಲ್ಬ್. ಯುವಿಬಿ ಅಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಒಂದು ಬಗೆಯ ನೇರಳಾತೀತ ಕಿರಣ. ಆಮೆಯ ಚರ್ಮ ಈ ಕಿರಣದಿಂದಲೇ ವಿಟಮಿನ್ ಡಿ3 ಮಾಡಿಕೊಳ್ಳುತ್ತದೆ. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆಗ ದೇಹ ಮೂಳೆಯಿಂದ, ಚಿಪ್ಪಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಬಿಲ್ಲೆಯ ಚಿಪ್ಪು ರಟ್ಟಾಗಿದ್ದು ಹೀಗೆ. ನಾನು ದಿನಾ ಅವಳ ಬೋಗುಣಿಯನ್ನು ಮುಚ್ಚಿದ ಕಿಟಕಿಯ ಹತ್ತಿರ ಇಡುತ್ತಿದ್ದೆ, ಬಿಸಿಲು ಸಿಗುತ್ತಿದೆ ಅಂದುಕೊಂಡಿದ್ದೆ. ಗಾಜು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಬೆಳಕು ಬರುತ್ತದೆ, ಬಿಸಿ ಬರುತ್ತದೆ, ಬೇಕಾದ್ದು ಮಾತ್ರ ಬರುವುದಿಲ್ಲ. ಹಾಗಾಗಿ ಯುವಿಬಿ ಬಲ್ಬಿಗೂ ಕಟ್ಟೆಗೂ ನಡುವೆ ಗಾಜಾಗಲಿ, ಪ್ಲಾಸ್ಟಿಕ್ ಮುಚ್ಚಳವಾಗಲಿ ಇರಕೂಡದು. ಸಣ್ಣ ಕಣ್ಣಿನ ಜಾಲರಿ ಕೂಡ ಒಂದಷ್ಟನ್ನು ತಿಂದುಹಾಕುತ್ತದೆ. ಎಷ್ಟು ದೂರದಲ್ಲಿ ಇಡಬೇಕು ಅಂತ ಬಲ್ಬಿನ ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನೇ ಪಾಲಿಸಿ. ಟ್ಯೂಬ್ ಮಾದರಿಯದಾದರೆ 6ರಿಂದ 12 ತಿಂಗಳಿಗೆ ಬದಲಿಸಬೇಕು. ಅದು ಇನ್ನೂ ಚೆನ್ನಾಗಿ ಉರಿಯುತ್ತಿರುತ್ತದೆ, ಆದರೆ ಯುವಿಬಿ ಕುಗ್ಗಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಕಿದ ತಾರೀಖನ್ನು ಬಲ್ಬಿನ ಬುಡದಲ್ಲಿ ಮಾರ್ಕರ್‌ನಿಂದ ಬರೆದಿಡಿ.

ಎರಡೂ ಬೆಳಕು ದಿನಕ್ಕೆ 10-12 ಗಂಟೆ ಉರಿಯಲಿ, ರಾತ್ರಿ ಆರಲಿ. ಒಂದು ಟೈಮರ್ ಹಾಕಿಬಿಟ್ಟರೆ ನಿಮಗೆ ನೆನಪಿಡುವ ಕೆಲಸ ಇಲ್ಲ. ಬಲ್ಬಿನ ಹೋಲ್ಡರನ್ನು ಕ್ಲಿಪ್ಪಿನ ಮೇಲೆ ಮಾತ್ರ ನಂಬಿ ಬಿಡಬೇಡಿ, ಚೈನು ಹಾಕಿ ಮೇಲಿನಿಂದ ತೂಗುಹಾಕಿ. ನೀರಿಗೆ ಬಿದ್ದರೆ ಆಮೆಗೂ ಅಪಾಯ, ಕೈ ಹಾಕಿದ ನಿಮಗೂ ಅಪಾಯ. ವೈರುಗಳು ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರುವ ಹಾಗೆ ಇರಲಿ. ಆಗ ವೈರಿನ ಮೇಲೆ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಟ್ಯಾಂಕಿನೊಳಗೆ ಕೈ ಹಾಕುವ ಮುಂಚೆ ಪ್ಲಗ್ ತೆಗೆಯಿರಿ. ಪ್ರತಿ ಸಲವೂ.

ಇನ್ನು ನೀರು. ಆಳ ಕಡಿಮೆ ಇದ್ದರೆ ಆಮೆಗೆ ಕ್ಷೇಮ ಅಂತ ಹಲವರು ಅಂದುಕೊಂಡಿದ್ದಾರೆ. ಸ್ಲೈಡರ್ ಒಳ್ಳೇ ಈಜುಗಾರ. ಚಿಪ್ಪಿನ ಉದ್ದದ ಒಂದೂವರೆಯಿಂದ ಎರಡು ಪಟ್ಟು ಆಳ ಇರಲೇಬೇಕು. ಮಗುಚಿ ಬಿದ್ದರೂ ನೀರಲ್ಲಿ ತಿರುಗಿ ಸರಿಯಾಗಲು ಅಷ್ಟು ಬೇಕು. ಆದರೆ ಆಮೆ ಉಸಿರಾಡುವುದು ಗಾಳಿಯನ್ನು. ಕಲ್ಲು, ಮರದ ತುಂಡು ಇಡುವಾಗ ಆಮೆ ತೂರಿ ಸಿಕ್ಕಿಹಾಕಿಕೊಳ್ಳುವಂಥ ಸಂದು ಇರದ ಹಾಗೆ ನೋಡಿ. ಅಂಥ ಸಂದಿನಲ್ಲಿ ಸಿಕ್ಕರೆ ಮುಳುಗಿ ಸಾಯುತ್ತದೆ. ಮರಿಯಾದರೆ ಮೊದಲು ಆಳ ಸ್ವಲ್ಪ ಕಡಿಮೆ ಇಟ್ಟು, ಈಜುವುದನ್ನು ನೋಡಿ ಏರಿಸಿ.

ನೀರಿನ ಬಿಸಿ 24ರಿಂದ 27 ಡಿಗ್ರಿ. ಮರಿಗೆ ಒಂದೆರಡು ಡಿಗ್ರಿ ಜಾಸ್ತಿ ಇದ್ದರೆ ಒಳ್ಳೆಯದು. ನೀರು ಇದಕ್ಕಿಂತ ತಣ್ಣಗಾಗುವುದಾದರೆ ಹೀಟರ್ ಹಾಕಿ, ಅದಕ್ಕೆ ಪ್ಲಾಸ್ಟಿಕ್ ಕವಚ ಇರಲಿ. ದೊಡ್ಡ ಆಮೆ ಬರೀ ಗಾಜಿನ ಹೀಟರನ್ನು ಗುದ್ದಿ ಒಡೆಯುತ್ತದೆ. ತಳಕ್ಕೆ ಸಣ್ಣ ಜಲ್ಲಿ ಬೇಡವೇ ಬೇಡ. ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೆಯ ತಲೆಗಿಂತ ದೊಡ್ಡ ಉರುಟು ಕಲ್ಲು ಹಾಕಿ, ಇಲ್ಲವೇ ಖಾಲಿ ಬಿಡಿ. ನಾನು ಖಾಲಿ ಬಿಟ್ಟಿದ್ದೇನೆ, ತೊಳೆಯಲು ಸುಲಭ.

ಫಿಲ್ಟರ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಆಮೆ ಮೀನಿಗಿಂತ ಎಷ್ಟೋ ಪಾಲು ಜಾಸ್ತಿ ಗಲೀಜು ಮಾಡುತ್ತದೆ. ಟ್ಯಾಂಕಿನಲ್ಲಿ ಎಷ್ಟು ನೀರಿದೆಯೋ ಅದರ ಎರಡು-ಮೂರು ಪಟ್ಟು ನೀರಿಗೆ ಅಂತ ಬರೆದಿರುವ ಫಿಲ್ಟರ್ ತನ್ನಿ. ಹೊರಗೆ ಇಡುವ ಕ್ಯಾನಿಸ್ಟರ್ ಮಾದರಿ ಇದ್ದರೆ ಇನ್ನೂ ಒಳ್ಳೆಯದು.

ಫಿಲ್ಟರ್ ಬರೀ ಕಸ ಹಿಡಿಯುವ ಜಾಲರಿ ಅಲ್ಲ. ಅದರ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಆಮೆಯ ಗಲೀಜಿನಿಂದ ಬರುವ ಅಮೋನಿಯಾವನ್ನು ಒಂದು ಗುಂಪು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ, ಕೊನೆಯದು ಅಷ್ಟು ಕೆಟ್ಟದ್ದಲ್ಲ, ನೀರು ಬದಲಿಸಿದರೆ ಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆಮೆ ಆಗಲೇ ಮನೆಯಲ್ಲಿದ್ದರೆ ಅಲ್ಲಿಯ ತನಕ ನೀರನ್ನು ಪದೇ ಪದೇ ಬದಲಿಸುತ್ತಿರಿ. ಗೊತ್ತಿರುವವರ ಹಳೇ ಟ್ಯಾಂಕಿನ ಫಿಲ್ಟರಿನಿಂದ ಒಂದು ತುಂಡು ಸ್ಪಂಜು ಸಿಕ್ಕರೆ ನಿಮ್ಮದರಲ್ಲಿ ಸೇರಿಸಿ, ಕೆಲಸ ಬೇಗ ಆಗುತ್ತದೆ. ನೀರು ಪರೀಕ್ಷೆಯ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದರೆ ಟ್ಯಾಂಕ್ ಹದಕ್ಕೆ ಬಂತು ಅಂತ ಅರ್ಥ.

ಒಂದು ಸಲ ನಾನು ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ಉಜ್ಜಿ, ಹಿಂಡಿ, ಹೊಸದರಂತೆ ಮಾಡಿಟ್ಟೆ. ಮೂರನೇ ದಿನಕ್ಕೆ ನೀರು ಹಾಲು ಬೆರೆಸಿದ ಹಾಗಾಯಿತು, ಮೂಗಿಗೆ ಘಾಟು ಹೊಡೆಯಿತು. ಬಿಲ್ಲೆಯ ಎರಡೂ ಕಣ್ಣು ಊದಿಕೊಂಡವು. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನೆಲ್ಲ ಕೊಂದಿತ್ತು. ಅವತ್ತಿನಿಂದ ಟ್ಯಾಂಕಿನಿಂದ ತೆಗೆದ ಹಳೇ ನೀರನ್ನು ಬಕೆಟಿಗೆ ಹಾಕಿ, ಅದರಲ್ಲೇ ಸ್ಪಂಜನ್ನು ಎರಡು ಸಲ ಅದ್ದಿ ಹಿಂಡುತ್ತೇನೆ. ಸ್ವಲ್ಪ ಕಂದು ಬಣ್ಣ ಉಳಿದರೆ ಉಳಿಯಲಿ.

ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ ಅನ್ನುವುದು ನಿಜ, ಆದರೆ ಕೆಲವು ಕಡೆ ನೀರಿಗೆ ಕ್ಲೋರಮೈನ್ ಬೆರೆಸುತ್ತಾರೆ, ಅದು ಸುಮ್ನೆ ಇಟ್ಟರೆ ಹೋಗುವುದಿಲ್ಲ. ಹೊಸ ನೀರು ಹಳೇ ನೀರಿನಷ್ಟೇ ಬೆಚ್ಚಗಿರಲಿ. ತಿಂದು ಮಿಕ್ಕ ಆಹಾರವನ್ನು ಆಗಲೇ ಜಾಲರಿಯಲ್ಲಿ ತೆಗೆದುಬಿಟ್ಟರೆ ಅರ್ಧ ಕೆಲಸ ಕಡಿಮೆ.

ಆಮೆ ನಿಧಾನ ಅಂತ ಮೇಲಂಚಿನ ಬಗ್ಗೆ ಅಸಡ್ಡೆ ಮಾಡಬೇಡಿ, ಅದು ಚೆನ್ನಾಗಿ ಹತ್ತುತ್ತದೆ. ಕಟ್ಟೆಯ ಮೇಲೆ ಹಿಂಗಾಲಲ್ಲಿ ಎದ್ದು ನಿಂತರೂ ಅಂಚು ಉಗುರಿಗೆ ಎಟುಕಬಾರದು. ಎಟುಕುವ ಹಾಗಿದ್ದರೆ ಮೇಲೆ ಅಗಲ ಕಣ್ಣಿನ ತಂತಿ ಜಾಲರಿ ಹಾಕಿ. ಒಂಟಿಯಾಗಿರುತ್ತೆ ಪಾಪ ಅಂತ ಇನ್ನೊಂದು ಆಮೆ ತರಲೂ ಹೋಗಬೇಡಿ. ಆಮೆಗೆ ಜೊತೆ ಬೇಕಿಲ್ಲ. ಒಂದೇ ಕಟ್ಟೆಗೆ ಎರಡು ಆಮೆ ಅಂದರೆ ಗೆದ್ದದ್ದು ಬಿಸಿಲು ಕಾಯಿಸುತ್ತದೆ, ಸೋತದ್ದು ನೀರಲ್ಲೇ ಉಳಿಯುತ್ತದೆ. ಬಾಲಕ್ಕೆ, ಕಾಲಿಗೆ ಕಚ್ಚಿ ಗಾಯ ಮಾಡುವುದೂ ಇದೆ.

ಮಕ್ಕಳಿರುವ ಮನೆಯವರು ಇದನ್ನು ಗಮನವಿಟ್ಟು ಓದಿ. ಆರೋಗ್ಯವಾಗಿರುವ ಆಮೆಯ ಮೈಮೇಲೂ ಮನುಷ್ಯರಿಗೆ ವಾಂತಿ-ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ, ಟ್ಯಾಂಕ್ ತೊಳೆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಟ್ಯಾಂಕಿನ ಸಾಮಾನುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು 1975ರಲ್ಲೇ ನಿಷೇಧಿಸಿದ್ದು ಇದೇ ಕಾರಣಕ್ಕೆ. ಐದು ವರ್ಷದೊಳಗಿನ ಮಗು ಇದ್ದರೆ ಆಮೆಯನ್ನು ಈಗ ತರಬೇಡಿ ಅಂತಲೇ ನಾನು ಹೇಳುತ್ತೇನೆ. ತಂದ ಮೇಲೆ ಸಾಕಲು ಆಗದಿದ್ದರೆ ಕೆರೆಗೆ ಬಿಡುವುದು ಪುಣ್ಯದ ಕೆಲಸ ಅಲ್ಲ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಸ್ಲೈಡರ್ ಇದೆ. ಅಲ್ಲಿಯ ಆಮೆಗಳ ಊಟ, ಬಿಸಿಲಿನ ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ. ನೋಡಿಕೊಳ್ಳುವವರನ್ನೇ ಹುಡುಕಿ. ಇದು 30 ವರ್ಷ ಬದುಕಬಲ್ಲ ಪ್ರಾಣಿ, ತರುವ ಮುಂಚೆ ಆ ಲೆಕ್ಕವೂ ತಲೆಯಲ್ಲಿರಲಿ.

ಎಲ್ಲ ಜೋಡಿಸಿದ ಮೇಲೆ ಒಂದೆರಡು ದಿನ ಟ್ಯಾಂಕನ್ನು ಆಮೆ ಇಲ್ಲದೇ ಓಡಿಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೀರಿನ ಬಿಸಿ, ಕಟ್ಟೆಯ ಬಿಸಿ ಎರಡನ್ನೂ ಬರೆದುಕೊಳ್ಳಿ. ಎಲ್ಲಾದರೂ ಸೋರುತ್ತಿದೆಯಾ ಅಂತ ಕೆಳಗೆ ಕೈಯಾಡಿಸಿ ನೋಡಿ. ಆಮೇಲೆ ಆಮೆಯನ್ನು ಮೆಲ್ಲಗೆ ಕಟ್ಟೆಯ ಮೇಲೆ ಬಿಡಿ. ಧುಮುಕಿ ಮೂಲೆ ಸೇರುತ್ತದೆ. ಕೆಲವು ದಿನ ಕಟ್ಟೆ ಹತ್ತುವುದಿಲ್ಲ, ಊಟವನ್ನೂ ಬಿಡಬಹುದು. ಎದುರು ನಿಂತು ಕಾಯಬೇಡಿ, ನೀವು ಕಂಡಷ್ಟು ಹೊತ್ತು ಅದು ಬರುವುದಿಲ್ಲ. ಒಂದು ವಾರ ದಾಟಿದರೂ ಹತ್ತದಿದ್ದರೆ ಇಳಿಜಾರು, ಬಿಸಿ ಮತ್ತೆ ನೋಡಿ. ಓರೆಯಾಗಿ ತೇಲುತ್ತಿದ್ದರೆ, ಮೂಗಿನಲ್ಲಿ ಗುಳ್ಳೆ ಬರುತ್ತಿದ್ದರೆ ಕಾಯಬೇಡಿ, ಅದು ಎದೆಯ ಸೋಂಕಿರಬಹುದು, ಡಾಕ್ಟರ್ ಹತ್ತಿರ ಹೋಗಿ.

ಬಿಲ್ಲೆ ದೊಡ್ಡ ಟ್ಯಾಂಕಿಗೆ ಬಂದ ಐದನೇ ದಿನ ನಾನು ಪಕ್ಕದ ಕೋಣೆಯಲ್ಲಿದ್ದೆ. ದಬಕ್ ಅಂತ ನೀರಿಗೆ ಬಿದ್ದ ಸದ್ದು ಕೇಳಿಸಿತು. ಬಂದು ನೋಡಿದರೆ ಕಟ್ಟೆಯ ಮೇಲೆ ಯಾರೂ ಇಲ್ಲ. ತೊಗಟೆಯ ಮೇಲೆ ಅವಳ ಹೊಟ್ಟೆಯ ಅಳತೆಯ ಒಂದು ಒದ್ದೆ ಗುರುತು, ಬಲ್ಬಿನ ಕೆಳಗೆ ಅಂಚಿನಿಂದ ಆರುತ್ತಿತ್ತು.