ಒಡೆದ ಒತ್ತಕ್ಷರ: ಹಳೆಯ ಕನ್ನಡ ಇಮೇಲ್‌ಗಳನ್ನು ಪೈಥಾನ್‌ನಲ್ಲಿ ಓದಿಸಿದ ಅನುಭವ

ನಮ್ಮ ಸಣ್ಣ ಮಾಸಪತ್ರಿಕೆಗೆ ಹನ್ನೆರಡು ವರ್ಷಗಳಲ್ಲಿ ಬಂದಿದ್ದ ಇಮೇಲ್‌ಗಳೆಲ್ಲ ಒಂದೇ ಎಂಬಾಕ್ಸ್ (ಹಲವು ಇಮೇಲ್‌ಗಳನ್ನು ಸಾಲಾಗಿ ಕೂಡಿಸಿಡುವ) ಕಡತದಲ್ಲಿದ್ದವು. ಯಾರು ಯಾವಾಗ ಯಾವ ಬರಹ ಕಳುಹಿಸಿದರು ಎಂಬ ಪಟ್ಟಿ ಮಾಡಿ, ಅಟ್ಯಾಚ್‌ಮೆಂಟ್‌ಗಳನ್ನು ಬೇರ್ಪಡಿಸಿಡುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೆ ಪೈಥಾನ್‌ನ ಜೊತೆಯಲ್ಲೇ ಬರುವ, ಮುಕ್ತ ತಂತ್ರಾಂಶವಾದ 'ಇಮೇಲ್' ಲೈಬ್ರರಿಯನ್ನು ಬಳಸಿದೆ.

ಈ ಲೈಬ್ರರಿಗೆ ಹಳೆಯದೊಂದು, ಹೊಸದೊಂದು ಎಂದು ಎರಡು ನಡವಳಿಕೆಗಳಿವೆ. ಪೈಥಾನ್ 3.6ರಲ್ಲಿ ನೆಲೆಗೊಂಡ ಹೊಸ ನಡವಳಿಕೆಯ ಹೆಸರು 'ಡಿಫಾಲ್ಟ್' ಎಂದಿದ್ದರೂ ಅದು ತಾನಾಗಿ ಜಾರಿಗೆ ಬರುವುದಿಲ್ಲ. ಪಾರ್ಸ್ ಮಾಡುವಾಗ, ಎಂದರೆ ಇಮೇಲನ್ನು ಭಾಗಗಳಾಗಿ ಬಿಡಿಸಿ ಓದುವಾಗ, ನಾವೇ ಪಾಲಿಸಿಯನ್ನು (ಯಾವ ನಡವಳಿಕೆ ಬೇಕೆಂಬುದನ್ನು) ಹೇಳದಿದ್ದರೆ 'ಕಂಪ್ಯಾಟ್32' ಎಂಬ ಹಳೆಯದೇ ಸಿಗುತ್ತದೆ. ಹೊಸದರಲ್ಲಿ ಸಂದೇಶದ ಮುಖ್ಯ ಪಠ್ಯವನ್ನೂ ಅಟ್ಯಾಚ್‌ಮೆಂಟ್‌ಗಳನ್ನೂ ನೇರವಾಗಿ ಕೇಳಿ ಪಡೆಯಬಹುದಾದ್ದರಿಂದ ನಾನು ಅದನ್ನೇ ಆರಿಸಿಕೊಂಡೆ.

ಆದರೆ ಪಟ್ಟಿಯನ್ನು ಕಡತಕ್ಕೆ ಬರೆಯುವಾಗ ಪ್ರೋಗ್ರಾಂ ಯೂನಿಕೋಡ್ ದೋಷ ತೋರಿಸಿ ನಿಂತುಬಿಟ್ಟಿತು. ಸಿಕ್ಕಿಕೊಂಡಿದ್ದು 'ಕಥಾ ಸ್ಪರ್ಧೆಗೆ ನನ್ನ ಕಥೆ' ಎಂಬ ಸಬ್ಜೆಕ್ಟ್ ಸಾಲು. 'ನನ್ನ' ಎಂಬಲ್ಲಿನ ಒತ್ತು ಮುರಿದು, ಅರ್ಥವಿಲ್ಲದ ಗುರುತುಗಳಾಗಿತ್ತು. ಕಾರಣ ತಿಳಿಯಲು ಬೈಟ್‌ಗಳನ್ನೇ ಎಣಿಸಬೇಕಾಯಿತು. ಸಬ್ಜೆಕ್ಟ್‌ನಲ್ಲಿರುವ ಕನ್ನಡವು ಸಾಮಾನ್ಯವಾಗಿ ಬೇಸ್64 (ಮೂರು ಬೈಟ್‌ಗಳನ್ನು ನಾಲ್ಕು ಸರಳ ಅಕ್ಷರಗಳಾಗಿ ಬರೆಯುವ ವಿಧಾನ) ತುಂಡುಗಳಾಗಿ ಪ್ರಯಾಣಿಸುತ್ತದೆ. ಇದರ ನಿಯಮಾವಳಿಯಾದ ಆರ್‌ಎಫ್‌ಸಿ 2047ರ ಪ್ರಕಾರ ಒಂದು ತುಂಡು 75 ಅಕ್ಷರಗಳನ್ನು ಮೀರುವಂತಿಲ್ಲ, ಮತ್ತು ಯುಟಿಎಫ್-8 ಎಂಬ ಗುರುತು ಕಳೆದರೆ ಅದರಲ್ಲಿ ಹಿಡಿಸುವುದು 45 ಬೈಟ್‌ಗಳಷ್ಟೇ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ಅಕ್ಷರ, ಸ್ವರಚಿಹ್ನೆ, ಒತ್ತು ಮೂಡಿಸುವ ಹಲಂತ ಒಂದೊಂದೂ ಒಂದು ಸಂಕೇತ) ಮೂರು ಬೈಟ್ ಬೇಕು, ಖಾಲಿ ಜಾಗಕ್ಕೆ ಒಂದೇ ಸಾಕು. ಆದ್ದರಿಂದ ಜಾಗ ಬಿಡದೆ ಬರೆದ ಹದಿನೈದು ಸಂಕೇತಗಳು ಸರಿಯಾಗಿ ಕೂರುತ್ತವೆ. ಈ ಸಾಲಿನಲ್ಲಾದರೋ ಹದಿನಾಲ್ಕು ಸಂಕೇತ, ಎರಡು ಖಾಲಿ ಜಾಗ ಸೇರಿ 44 ಬೈಟ್ ಆಗಿ, 45ನೆಯದು ಹಲಂತದ ಮೊದಲ ಬೈಟ್ ಆಗಿತ್ತು. ಉಳಿದೆರಡು ಮುಂದಿನ ತುಂಡಿಗೆ ಹೋಗಿದ್ದವು. ಹೀಗೆ ಸಂಕೇತದ ನಡುವೆ ಕತ್ತರಿಸಬಾರದೆಂದು ಆ ನಿಯಮದಲ್ಲೇ ಇದೆ, ಕಳುಹಿಸಿದ ತಂತ್ರಾಂಶ ಅದನ್ನು ಪಾಲಿಸಿರಲಿಲ್ಲ.

ಹೊಸ ನಡವಳಿಕೆ ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಡಿಕೋಡ್ ಮಾಡುತ್ತದೆ (ಬೈಟ್‌ಗಳನ್ನು ಅಕ್ಷರವಾಗಿಸುತ್ತದೆ), ನನ್ನ ಕಡತದಲ್ಲಿ ಒಡೆದ ಬೈಟ್‌ಗಳು ಒಂದಾಗಲಿಲ್ಲ. ಅದೇ ಲೈಬ್ರರಿಯ ಹಳೆಯ 'ಡಿಕೋಡ್ ಹೆಡರ್' ಎಂಬ ಫಂಕ್ಷನ್ ಒಂದೇ ಎನ್‌ಕೋಡಿಂಗ್‌ನ ಅಕ್ಕಪಕ್ಕದ ತುಂಡುಗಳ ಬೈಟ್‌ಗಳನ್ನು ಮೊದಲು ಜೋಡಿಸಿ ಕೊಡುತ್ತದೆ. ಅಕ್ಷರವಾಗಿಸುವುದು ಆಮೇಲಿನ ಕೆಲಸ. ಆದ್ದರಿಂದ ಸಬ್ಜೆಕ್ಟ್ ಮತ್ತು ಕಳುಹಿಸಿದವರ ಹೆಸರಿಗೆ ಮಾತ್ರ ಸಂದೇಶವನ್ನು ಹಳೆಯ ಪಾಲಿಸಿಯಲ್ಲಿ ಮತ್ತೊಮ್ಮೆ ಪಾರ್ಸ್ ಮಾಡಿ, ಆ ಫಂಕ್ಷನ್ನಿಗೆ ಒಪ್ಪಿಸಿದೆ. 'ನನ್ನ ಕಥೆ' ಇಡಿಯಾಗಿ ಮರಳಿತು. ಹಳೆಯದೆಂಬ ಕಾರಣಕ್ಕೆ ಇಂಥ ಫಂಕ್ಷನ್‌ಗಳನ್ನು ಬದಿಗಿಡಬಾರದೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಸಂದೇಶದ ಒಡಲಿನಲ್ಲಿ ಬೇರೊಂದು ಎಚ್ಚರ ಬೇಕು. ಹೊಸ ವಿಧಾನದಲ್ಲಿ ಪಠ್ಯ ಕೇಳಿದಾಗ ಅರ್ಥವಾಗದ ಬೈಟ್‌ಗಳ ಜಾಗದಲ್ಲಿ ವಜ್ರಾಕಾರದೊಳಗೆ ಪ್ರಶ್ನಾರ್ಥಕವಿರುವ ಬದಲಿ ಚಿಹ್ನೆ (�) ಕೂರುತ್ತದೆ, ಮೂಲ ಬೈಟ್ ಆ ಪಠ್ಯದಲ್ಲಿ ಉಳಿಯುವುದಿಲ್ಲ. ಹಾಗಾಗಿ ಮೊದಲು ಬೈಟ್‌ಗಳನ್ನೇ ಪಡೆದು ಎತ್ತಿಟ್ಟೆ. ಯೂನಿಕೋಡ್ ಹರಡುವ ಮುನ್ನ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದ ಪತ್ರಗಳಿಗಂತೂ ಇದು ಅನಿವಾರ್ಯವಾಗಿತ್ತು. ಅವುಗಳಲ್ಲಿ ಕನ್ನಡದ ಆಕಾರಗಳು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಇರುವುದರಿಂದ, ಲೈಬ್ರರಿಯು ಲ್ಯಾಟಿನ್ ಅಕ್ಷರಗಳನ್ನು ಕೊಟ್ಟದ್ದು ಅದರ ತಪ್ಪಲ್ಲ. ಎಚ್‌ಟಿಎಂಎಲ್ ಭಾಗದಲ್ಲಿ ಫಾಂಟಿನ ಹೆಸರು ಸಿಕ್ಕಲ್ಲೆಲ್ಲ ಅದಕ್ಕೆ ತಕ್ಕ ಪರಿವರ್ತಕಕ್ಕೆ ಕೊಟ್ಟೆ. ಹೆಸರು ಸಿಗದ ಪತ್ರಗಳನ್ನು ಊಹೆಯ ಮೇಲೆ ಬದಲಿಸದೆ, ಮೂಲ ಬೈಟ್‌ಗಳೊಂದಿಗೆ ಬೇರೆ ಫೋಲ್ಡರಿನಲ್ಲಿ ಇರಿಸಿದ್ದೇನೆ.